ಅವಳು ಒತ್ತಿದ್ದ ಪಾಯಿಂಟ್

“ನನ್ನ ಕಂಪ್ಯೂಟರಲ್ಲಿ ಸರಿಯಾಗೇ ಓಡುತ್ತೆ, ಸರ್!”

ವಿಚಾರಣೆಯ ಕೋಣೆಯಲ್ಲಿ ಅವನಾಡಿದ ಈ ಮಾತಿಗೆ ಅವಳು ತಟ್ಟನೆ ತಲೆಯೆತ್ತಿದಳು.

ಅಂದರೆ... ತಪ್ಪು ನನ್ನದೇ ಅಂತಾನಾ? ಇವನೂ?

ಅವಳು ಆಸ್ಪತ್ರೆಯ ಔಷಧ ವಿಭಾಗದವಳು. ಅವನು ಅಲ್ಲಿನ ಪ್ರೋಗ್ರಾಮರ್. ರಕ್ತಪರೀಕ್ಷೆಯ ಅಂಕಿಯನ್ನು ಕಪ್ಪು ಪರದೆಯಲ್ಲಿ ಟೈಪಿಸಿದರೆ ಔಷಧದ ಪ್ರಮಾಣ ಹೇಳುವ ಪುಟ್ಟ ಟೂಲ್ ಬರೆದಿದ್ದವನು ಅವನೇ. ಅದನ್ನು ಕಲಿಸುವ ನೆಪದಲ್ಲೇ ಇಬ್ಬರ ಮನಸ್ಸು ಕಲೆತಿತ್ತು.

“ಮದುವೆ ಊಟ ಹಾಕಿಸ್ತೀರೋ, ಬರೀ ಮಾತ್ರೆ ನುಂಗಿಸೇ ಕಳಿಸ್ತೀರೋ?” ಎಂದು ಕಿಚಾಯಿಸುತ್ತಿದ್ದಳು ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿ.

ಆ ಅಜ್ಜಿಯೇ ಈಗಿಲ್ಲ. ಹತ್ತು ಪಟ್ಟು ಔಷಧ ಮೈಸೇರಿತ್ತು.

“ಒಂದೂವರೆ, ಅಂದ್ರೆ ಒಂದು ಪಾಯಿಂಟ್ ಐದು, ಹದಿನೈದಾಗಿದೆ. ಪಾಯಿಂಟ್ ಒತ್ತೋದು ಮರೆತೆಯೇನಮ್ಮಾ?” ವಿಚಾರಣೆ ನಡೆಸುತ್ತಿದ್ದ ಹಿರಿಯ ವೈದ್ಯರು ಕೇಳಿದರು. “ಕೆಲಸ ಹೋಗೋದಷ್ಟೇ ಅಲ್ಲ, ಕೇಸೂ ಆಗುತ್ತೆ.”

“ಒತ್ತಿದ್ದೆ ಸರ್...”

ಯಾರೂ ನಂಬಲಿಲ್ಲ. ಆಮೇಲೆ ಅವನು ಎಷ್ಟು ಸಲ ಫೋನ್ ಮಾಡಿದರೂ ಅವಳು ಎತ್ತಲಿಲ್ಲ.

ಮುಂದಿನ ವಿಚಾರಣೆಗೆ ಅವನು ಲ್ಯಾಪ್‌ಟಾಪ್ ಹಿಡಿದು ಬಂದ. ಗಡ್ಡ ಬೆಳೆದಿತ್ತು.

“ಟೂಲ್ ಒಂದನ್ನೇ ಕೊಟ್ಟಿದ್ದೆ ಸರ್. ಅದು ನೆಚ್ಚಿಕೊಂಡಿರೋ ಫೈಲುಗಳನ್ನ ಕೊಟ್ಟಿರಲಿಲ್ಲ. ಇವರ ಕಂಪ್ಯೂಟರಲ್ಲಿದ್ದದ್ದು ಹಳೇವು. ಆ ಹಳೇ ಫೈಲುಗಳನ್ನ ಟೂಲ್ ಸಮೇತ ಇದ್ದ ಹಾಗೇ ಒಂದು ಕಂಟೇನರಿಗೆ ತುಂಬಿದೀನಿ. ಹೊರಗಿನ ಕಂಪ್ಯೂಟರಿನ ಗಾಳಿ ಸೋಕದ ಪೆಟ್ಟಿಗೆ ಅಂದ್ಕೊಳ್ಳಿ. ನೀವೇ ಒತ್ತಿ.”

ವೈದ್ಯರು ಒಂದೂವರೆಯನ್ನು ಪಾಯಿಂಟ್ ಸಮೇತ ಒತ್ತಿದರು.

ಪರದೆಯಲ್ಲಿ ಅದೇ ಉತ್ತರ... ಹತ್ತು ಪಟ್ಟು!

“ಇದು ನಿನ್ನ ಲ್ಯಾಪ್‌ಟಾಪೇ ತಾನೇ?”

“ಲ್ಯಾಪ್‌ಟಾಪ್ ನಂದು, ಒಳಗಿನ ಸಂಸಾರ ಇವರ ಕಂಪ್ಯೂಟರಿಂದು. ಆ ಹಳೇ ಫೈಲು ಪಾಯಿಂಟನ್ನೇ ನುಂಗುತ್ತೆ. ಮೊದಲೇ ನನ್ನ ಫೈಲುಗಳ ಸಮೇತ ಪೆಟ್ಟಿಗೇಲಿ ಕೊಟ್ಟಿದ್ರೆ, ಎಲ್ಲಿ ಓಡಿಸಿದ್ರೂ ಒಂದೇ ಉತ್ತರ ಬರ್ತಿತ್ತು. ಸೋಮಾರಿತನ ಮಾಡಿದೆ. ತಪ್ಪು ನಂದು, ಬರ್ಕೊಳ್ಳಿ.”

ಹೊರಗೆ ವಾರ್ಡಿನಲ್ಲಿ, ಕಿಟಕಿ ಪಕ್ಕದ ಹಾಸಿಗೆಗೆ ಹೊಸ ಚಾದರ ಬಂದಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತರು.

“ಅವತ್ತೇ ಯಾಕೆ ಹೇಳಲಿಲ್ಲ?”

“ಗೊತ್ತಿರಲಿಲ್ಲ ಕಣೇ... ಒತ್ತಿದ್ದೆ ಅಂದೆಯಲ್ಲ, ಅದನ್ನೇ ನಂಬಿ ಹುಡುಕಿದೆ.”

ಅವಳು ಅವನತ್ತ ತಿರುಗಿದಳು. “ಆ ಉತ್ತರ ಜಾಸ್ತಿಯಾಯ್ತು ಅಂತ ಒಂದು ಕ್ಷಣ ಅನ್ನಿಸಿತ್ತು ಕಣೋ. ನೀನು ಬರೆದದ್ದಲ್ವಾ ಅಂತ ಸುಮ್ಮನಾದೆ...”

ಅವನು ಬಾಗಿ ಆ ಹೊಸ ಚಾದರದ ಅಂಚನ್ನು ನೆಟ್ಟಗೆ ಮಾಡಿದ.

“ಜೈಲಿಗೂ ಹೋಗಬೇಕಾಗಬಹುದು,” ಎಂದ ಕೊನೆಗೆ. “ನನಗೋಸ್ಕರ ಕಾಯಬೇಡ.”

“ಕಾಯ್ತೀನೋ ಬಿಡ್ತೀನೋ, ಅದು ನನ್ನಿಷ್ಟ!” ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು. “ಅಜ್ಜಿಗೆ ಊಟ ಹಾಕಿಸೋಕಾಗಲಿಲ್ಲವಲ್ಲೋ...”

“ನಮ್ಮ ಮದುವೆ ದಿನ ಅವರ ಕುರ್ಚಿ ಖಾಲಿ ಇಟ್ಟು, ಮೊದಲು ಅಲ್ಲೇ ಬಡಿಸೋಣ.”

“ಹೂಂ,” ಎಂದಳು. ಕೈ ಬಿಡಲಿಲ್ಲ.