ಕರಿ ಒಂದರ ಸುಭಾಸ ಸರ್

"ಕರಿ ನಾಲ್ಕಕ್ಕ ಹಚ್ಚರಿ ಸರ. ಇದು ನನಗ ಭಾಳ ಮ್ಯಾಲ ಆಗ್ತದ."

ಗಂಗಾ ಮೆಲ್ಲಗೆ ಹೇಳಿದಳು. ಹಾರ್ಮೋನಿಯಂ ಮುಂದೆ ಕುಳಿತಿದ್ದ ಸುಭಾಸ ಒಮ್ಮೆ ತಲೆಯೆತ್ತಿ ಅವಳನ್ನೇ ನೋಡಿದ. ಮತ್ತೆ ತಲೆ ತಗ್ಗಿಸಿ, ಮೊದಲನೆಯ ಕರಿ ಮನೆಯಾದ ಕರಿ ಒಂದರ ಮೇಲೇ ಬೆರಳಿಟ್ಟು ತಿದಿ ಒತ್ತಿದ.

ಅದು ಗಂಡಸರ ಶ್ರುತಿ; ಹೆಣ್ಣುದನಿ ಅದನ್ನು ಒಂದು ಸ್ಥಾಯಿ ಮೇಲೆ ಹಿಡಿಯಬೇಕು. ಬೇರೆ ದಾರಿಯಿಲ್ಲದೆ ಗಂಗಾ ಸ್ವಾಗತಗೀತೆ ಎತ್ತಿಕೊಂಡಳು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದು ಮೇಲಕ್ಕೇರಿದಾಗ ಅವಳ ದನಿ ಸೀಳಿತು. ಮುಂದಿನ ಸಾಲಿನ ಮೇಷ್ಟ್ರುಗಳು ನಕ್ಕರು.

"ಯಾಕ್ರೀ ಟೀಚರ್, ಮುಂಜಾನೆ ನಾಷ್ಟಾ ಮಾಡಿಲ್ಲೇನು?" ಶಿಬಿರದ ಮುಖ್ಯಸ್ಥ ಮಹಾಂತಪ್ಪ ಸರ್ ಮೈಕಿನಲ್ಲೇ ಕೇಳಿದರು.

ಗಂಗಾ ವೇದಿಕೆಯಿಂದ ಕೆಳಗಿಳಿದಳು. 'ಒಂದು ಮನೆ ಬದಲಿಸಲಿಲ್ಲ... ಎಂಥಾ ಸೊಕ್ಕು ಈ ಮನುಷ್ಯನಿಗೆ.'

ಅದು ೨೦೦೪ರ ಜೂನ್. ಸವದತ್ತಿಯ ಒಂದು ಪ್ರೌಢಶಾಲೆಯಲ್ಲಿ ಸುತ್ತಲಿನ ತಾಲ್ಲೂಕುಗಳ ಸಂಗೀತ ಶಿಕ್ಷಕರಿಗೆ ವಾರದ ತರಬೇತಿ. ಗಂಗಾ ಬಂದದ್ದು ದೊಡವಾಡದ ಖಾಸಗಿ ಶಾಲೆಯಿಂದ. ಹೊಸದೇನಾದರೂ ಕಲಿತೇನು ಎಂಬ ಆಸೆಯಿಂದ ಬಂದವಳಿಗೆ ಸಿಕ್ಕಿದ್ದು ಹಾರ, ತುರಾಯಿ, ಭಾಷಣ. ಸಂಗೀತದಿಂದ ಮನಸ್ಸಿಗೆ ಆಗುವ ಲಾಭಗಳನ್ನು ಒಬ್ಬರು ಓದಿ ಹೇಳಿ ಬರೆಸಿದರು. ಹಾಡುವ ಕೋಣೆಯ ಮೂಲೆಗಳೆಲ್ಲ ಎಲೆಯಡಿಕೆ ಉಗುಳಿನಿಂದ ಕೆಂಪಾಗಿದ್ದವು. ಆ ವಾಸನೆಯಲ್ಲಿ ಬಾಯಿ ತೆರೆದು 'ಸಾ' ಹಚ್ಚುವುದೇ ಹೇಸಿಕೆ.

ಅದನ್ನೂ ಸಹಿಸಬಹುದಿತ್ತು. ಆದರೆ ಕೊನೆಯ ದಿನದ ಮಾದರಿ ಪಾಠ ಅವಳ ಪಾಲಿಗೆ ಬಂದಿತ್ತು, ಹಾರ್ಮೋನಿಯಂಗೆ ರಾಮದುರ್ಗದ ಶಿಕ್ಷಕ ಸುಭಾಸನೇ. ಅವಳ ಶಾಲೆಯ ಅಧ್ಯಕ್ಷ ನಿಜಗುಣಪ್ಪನವರು ಅವತ್ತಿನ ಅತಿಥಿ. "ಸಂಗೀತದ ತಾಸು ಗಣಿತಕ್ಕ ಕೊಟ್ಟರ ಛಲೋ" ಎಂದು ಅವರು ಆಗಲೇ ಎರಡು ಸಲ ಅಂದಿದ್ದರು. ಪಾಠ ಕೆಟ್ಟರೆ ಅವಳ ನೌಕರಿಯೂ ಹೋದಂತೆಯೇ.

"ಬ್ಯಾರೆ ಯಾರನ್ನರೆ ಹಾರ್ಮೋನಿಯಂಗೆ ಕೂಡಸ್ರಿ ಸರ," ಎಂದು ಮೂರನೆಯ ದಿನ ಅವಳು ಮಹಾಂತಪ್ಪ ಸರ್ ಅವರನ್ನು ಕೇಳಿಕೊಂಡಳು.

"ಸುಭಾಸ ಅಂದ್ರ ರಾಮದುರ್ಗದಾಗ ದೊಡ್ಡ ಹೆಸರ್ರಿ. ನೀವ ಅವನ ಶ್ರುತಿಗೆ ಹೊಂದಿಕೊಳ್ರಿ."

ಹೊರಗೆ ಬಂದು ಗೆಳತಿ ರಾಜಮಾಳ ಮುಂದೆ ಅವಳು ಸಿಟ್ಟೆಲ್ಲ ಕಾರಿಕೊಂಡಳು. ರಾಜಮಾ ಕಿತ್ತೂರಿನ ಶಿಕ್ಷಕಿ, ಬಾಯಿ ಜೋರು.

"ಅಷ್ಟು ಕೆಟ್ಟವನಲ್ಲ ಬಿಡ. ದಿನಾ ನಿನ್ನ ಬಾಟಲಿಗೆ ನೀರು ತುಂಬಿಸಿಡೋದು ಯಾರು ಅಂದುಕೊಂಡಿ?"

"ಮೊದಲ ಹೇಳಿದ್ದರ ಕುಡೀತಿರಲಿಲ್ಲ."

"ನೀರಿನ ಮ್ಯಾಲ ಯಾಕ ಸಿಟ್ಟು?"

ಮರುದಿನ ಊಟದ ಹೊತ್ತಿಗೆ, ಮರೆತ ಛತ್ರಿ ತರಲು ಗಂಗಾ ಹಾಡುವ ಕೋಣೆಯ ಕಡೆ ಹೋದಳು. ಒಳಗೆ ಯಾರೋ ಹಾರ್ಮೋನಿಯಂ ಮೇಲೆ ತಡವರಿಸುತ್ತಿದ್ದರು. ಸಾ, ರೀ... ತಪ್ಪು. ಮತ್ತೆ ಸಾ. ಶಾಲೆಯ ಮಗುವಿರಬೇಕು ಎಂದುಕೊಂಡು ಇಣುಕಿದಳು.

ಸುಭಾಸ! ನಾಲ್ಕನೆಯ ಕರಿ ಮನೆಯಿಂದ ಹಿಡಿದು ಮನೆಗಳ ಮೇಲೆ ಸೀಮೆಸುಣ್ಣದ ಚುಕ್ಕೆ ಇಟ್ಟುಕೊಂಡು, ಅವಳ ಪಾಠದ ಹಾಡನ್ನೇ ಹುಡುಕುತ್ತಿದ್ದ.

"ನಿಮಗ ಕರಿ ನಾಲ್ಕು ಬರೂದ ಇಲ್ಲೇನು?"

ಅವನು ಬೆಚ್ಚಿ ಕೈ ತೆಗೆದ. "ಬರೂದಿಲ್ರಿ. ಅಪ್ಪ ಭಜನಿ ಮೇಳದಾಗ ಕರಿ ಒಂದರಾಗ ಕಲಿಸಿದ. ಎಲ್ಲಾರೂ ಭೇಷ್ ಅಂದ್ರು. ನಾ ಬ್ಯಾರೆ ಶ್ರುತಿ ಮುಟ್ಟಲೇ ಇಲ್ಲ."

"ಅವತ್ತ ಹೇಳಬೇಕಿತ್ತಲ್ಲ?"

"ಅಷ್ಟು ಮಂದಿ ಮುಂದ ಧೈರ್ಯ ಆಗಲಿಲ್ಲ. ನಿಮ್ಮ ದನಿ ಸೀಳೋದು ಕೇಳಿಕೋತ ಬಾರಿಸಿದೆ. ನನಗ ನನ್ನ ಕೈಯಿಂದನ ಹೇಸಿಕಿ ಬಂತು."

ಗಂಗಾಳ ಸಿಟ್ಟು ಇಳಿಯಲಿಲ್ಲ, ಬೇರೆ ಕಡೆಗೆ ಹೊರಳಿತು. "ನಿಮ್ಮ ಸಾಲ್ಯಾಗ ಹೆಣ್ಣುಹುಡುಗ್ಯಾರು ಹ್ಯಾಂಗ ಹಾಡ್ತಾರ?"

"ಚೀರ್ತಾರ್ರಿ..." ಅವನ ದನಿ ಇಂಗಿತು. "ಅವಕ್ಕ ದನಿನ ಇಲ್ಲ ಅಂದುಕೊಂಡಿದ್ದೆ."

"ಅಂದ್ರ ದನಿ ಇಲ್ಲಂತ ಎಷ್ಟು ಹುಡುಗ್ಯಾರನ್ನ ಹಿಂದ ಕುಂಡರಿಸಿದ್ರಿ ಸರ?"

ಅವನ ಕಣ್ಣು ತುಂಬಿತ್ತು. ಗಂಗಾ ಹೊರಟವಳು ಬಾಗಿಲಲ್ಲಿ ನಿಂತಳು. 'ಇಡೀ ಶಿಬಿರದಲ್ಲಿ ಕಲಿಯಲು ಕುಳಿತವನು ಇವನೊಬ್ಬನೇ...'

ಹಿಂದಿರುಗಿ ಬಂದು ಎದುರಿಗೆ ಕುಳಿತಳು. "ಆ ಚುಕ್ಕಿ ಒರೆಸ್ರಿ. ಕಣ್ಣಿಂದ ಅಲ್ಲ, ಕಿವಿಯಿಂದ ಹುಡುಕ್ರಿ. ನಾ ಹಾಡತೇನಿ."

ಆಮೇಲೆ ಪ್ರತಿದಿನ ಊಟದ ಹೊತ್ತಿಗೆ ಅದೇ ಕೆಲಸ.

ಕೊನೆಯ ದಿನ ಆ ಶಾಲೆಯ ಹುಡುಗಿಯರು ಸಾಲಾಗಿ ಕುಳಿತರು. ಮುಂದೆ ನಿಜಗುಣಪ್ಪನವರು. ಮಹಾಂತಪ್ಪ ಸರ್ ಸುಭಾಸನ ಕಿವಿಗೆ ಬಾಗಿದರು. "ಊಟದ ಹೊತ್ತಿನ್ಯಾಗ ನಡಸಿದ ಹುಚ್ಚಾಟ ಇಲ್ಲಿ ಬ್ಯಾಡ. ಕರಿ ಒಂದಕ್ಕ ಹಿಡಿ, ಮಾನ ಉಳೀತದ."

ಗಂಗಾಳಿಗೆ ಅದು ಕೇಳಿಸಿತು. ಅವನ ಕೈಯನ್ನೇ ನೋಡಿದಳು.

ಆ ಕೈ ಸರಿದು ನಾಲ್ಕನೆಯ ಕರಿ ಮನೆಗೆ ಹೋಯಿತು.

ಮೊದಲ ಸಾಲಿನಲ್ಲೇ ಬೆರಳು ಜಾರಿ ಅಪಸ್ವರ ಬಂತು. ಅವಳಿಗೆ ನಕ್ಕ ಬಾಯಿಗಳೇ ಅವನಿಗೂ ನಕ್ಕವು.

"ಕೈಗೆ ಏನಾತೋ ಸುಭಾಸ?" ಮಹಾಂತಪ್ಪ ಸರ್ ಕೇಳಿದರು.

"ಕಲಿಯಾಕ ಹತ್ತೇನ್ರಿ ಸರ," ಎಂದ ಅವನು, ಮೈಕಿನಲ್ಲೇ. "ತರಬೇತಿ ಅಲ್ಲೇನ್ರಿ ಇದು?"

ನಗು ನಿಂತಿತು. ಅವನು ಮತ್ತೆ ಮೊದಲಿನಿಂದ ಹಿಡಿದ. ಗಂಗಾ ಒಂದು ಸಾಲು ಹಾಡಿ ಮಕ್ಕಳ ಕಡೆ ಕೈ ಚಾಚಿದಳು. ಹುಡುಗಿಯರು ಹಾಡಿದರು. ಯಾರೂ ಚೀರಲಿಲ್ಲ, ಕತ್ತಿನ ನರ ಉಬ್ಬಲಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ತನ್ನ ದನಿಗೆ ತಾನೇ ಬೆರಗಾಗಿ ಪಕ್ಕದವಳನ್ನು ನೋಡಿದಳು. ಹಾರ್ಮೋನಿಯಂ ಅಲ್ಲಲ್ಲಿ ಎಡವಿತು, ಮಕ್ಕಳು ಎಡವಲಿಲ್ಲ.

ನಿಜಗುಣಪ್ಪನವರು ಹೋಗುವಾಗ ಹೇಳಿದ್ದು ಇಷ್ಟೇ: "ನಿಮ್ಮ ತಾಸು ಹಂಗ ಇರಲಿ ಬಿಡ್ರಿ ಟೀಚರ್. ಗಣಿತಕ್ಕ ಬ್ಯಾರೆ ಹೊತ್ತು ನೋಡ್ತೇವಿ."

ಸವದತ್ತಿಯ ಬಸ್ ನಿಲ್ದಾಣದಲ್ಲಿ ಗಂಗಾಳ ಊರ ಕಡೆಗಿನ ಬೈಲಹೊಂಗಲದ ಬಸ್ಸು ಹೊರಡಲು ನಿಂತಿತ್ತು. ಗಂಗಾ ಕಿಟಕಿಯ ಪಕ್ಕ ಕುಳಿತಳು. ಸುಭಾಸ ಕೆಳಗೆ ನಿಂತಿದ್ದ.

"ನನಗ ನಿಮ್ಮ ಮ್ಯಾಲ ಇನ್ನೂ ಸಿಟ್ಟೈತಿ," ಎಂದಳು.

"ಇರಲ್ರಿ. ಸಿಟ್ಟು ಇರೂ ತನಕ ನೆನಪಿನ್ಯಾಗ ಇರ್ತೇನಿ."

ಅವಳು ಸೆರಗು ಸರಿಮಾಡಿಕೊಂಡಳು. "ರವಿವಾರ ದೊಡವಾಡಕ್ಕ ಬರ್ರಿ. ಅಪ್ಪ ಮನ್ಯಾಗ ಇರ್ತಾನ."

"ಬಂದು ಏನಂತ ಹೇಳ್ಲಿ?"

"ಹಾರ್ಮೋನಿಯಂ ಕಲಿಯಾಕ ಬಂದೇನಿ ಅನಬ್ಯಾಡ್ರಿ. ಖರೆ ಇದ್ದದ್ದ ಹೇಳ್ರಿ."

ಬಸ್ಸಿನ ಇಂಜಿನ್ ಶುರುವಾಯಿತು. ಸುಭಾಸ ಕಿಟಕಿಯ ಸರಳು ಹಿಡಿದು, ಅವಳಿಗಷ್ಟೇ ಕೇಳುವಂತೆ ಅಂದ. "ಗಂಗಾ ನನಗ ಬೇಕು."

ಮೊದಲ ಸಲ 'ಟೀಚರ್' ಇಲ್ಲದ ಬರೀ ಹೆಸರು. ಗಂಗಾಳ ಮುಖ ಕೆಂಪಾಯಿತು.

"ಅಪ್ಪನ ಮುಂದ ಇಷ್ಟು ಮೆತ್ತಗ ಹೇಳಬ್ಯಾಡ್ರಿ," ಎಂದಳು. "ಅವಗ ಕಿವಿ ಮಂದ."