ರೇಣು ತೊಳೆದ ಗೋಡೆ

"ಅವ್ವಾ, ಲಗೂನ ಬಾ! ಮನಿ ಎಷ್ಟ್ ಕ್ಲೀನ್ ಆಗೇದ ನೋಡು!"

ರೇಣು ಬಾಗಿಲಲ್ಲಿ ನಿಂತು ಕೂಗಿದಳು. ಯೆರವಡಾದ ಹೊಳೆದಂಡೆಯ ಅವರ ಮನೆಗೆ ಮೊನ್ನೆ ನೆರೆಯ ನೀರು ನುಗ್ಗಿತ್ತು. ಇವತ್ತು ಸರ್ಕಾರದ ಸಾಹೇಬರು ಮನೆಮನೆಗೂ ಬಂದು ಹಾನಿ ನೋಡುವವರಿದ್ದರು.

ಯಾರಾದರೂ ಬರುವಾಗ ಮನೆ ಚೊಕ್ಕ ಇರಬೇಕೆಂದು ಅವ್ವನೇ ಕಲಿಸಿದ್ದಳಲ್ಲ! ಅವ್ವ ಟ್ಯಾಂಕರ್ ನೀರಿಗೆ ಹೋದದ್ದೇ ತಡ, ರೇಣು ಟೊಂಕ ಕಟ್ಟಿ ನಿಂತಳು. ಗೋಡೆಯ ಕೆಸರನ್ನೆಲ್ಲ ಉಜ್ಜಿ ತೊಳೆದಳು. ನೆನೆದ ಗಾದಿ, ನಾರುವ ಜೋಳದ ಚೀಲ ಕಸದ ಗಾಡಿಗೆ ಹೋದವು.

ಅವ್ವ ಪಾರವ್ವ ಕೊಡ ಇಳಿಸಿದಳು. ಗೋಡೆ ನೋಡಿ ಅವಳ ಮುಖ ಬಾಡಿತು.

"ಗಾದಿ ಎಲ್ಲೇದ?"

"ಭಾಳ ನಾರತಿತ್ತವ್ವಾ. ಒಗದ್ನಿ."

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಮರಾಠಿಯಲ್ಲಿ ಕೇಳಿದರು. ಪಾರವ್ವ ಮರಾಠಿಯಲ್ಲೇ ಉತ್ತರಿಸುತ್ತ ಎದೆಯ ಮಟ್ಟಕ್ಕೆ ಕೈ ಹಿಡಿದು ತೋರಿಸಿದಳು. ಸಾಹೇಬರು ಗೋಡೆ ನೋಡಿದರು. ಗುರುತೇ ಇಲ್ಲ! ಹಾಳಾದ ಸಾಮಾನು ಕೇಳಿದರು. ಅದೂ ಇಲ್ಲ.

ಪಾಪ, ಅವರೇನು ಕೆಟ್ಟವರಲ್ಲ. "ನಾನು ಏನು ಮಾಡಲಿ ತಾಯೀ? ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು" ಎಂದರು. ಸ್ವಲ್ಪವೇ ಹಾನಿ ಎಂದು ಬರೆದುಕೊಂಡು ಹೊರಗೆ ಹೋದರು. ಪರಿಹಾರದ ಹಣವೂ ಸ್ವಲ್ಪವೇ ಬರುವುದು; ಇನ್ನು ಹೊಸ ಗಾದಿಯೂ ಇಲ್ಲ, ಜೋಳವೂ ಇಲ್ಲ. ರೇಣು ಅವರ ಹಿಂದೆಯೇ ಬಾಗಿಲಿಗೆ ಬಂದಳು.

ಸಾಹೇಬರು ಓಣಿಯಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ಪಕ್ಕದ ಮನೆಯ ಶಿವಬಸವ್ವಜ್ಜಿ ತನ್ನ ಗೋಡೆಗೆ ನೀರು ಎರಚಲು ಬಕೆಟ್ ಎತ್ತಿದ್ದಳು. ರೇಣು ಓಡಿಹೋಗಿ ಬಕೆಟ್ ಹಿಡಿದುಕೊಂಡಳು.

"ಅಜ್ಜೀ, ತೊಳೀಬ್ಯಾಡ್ರಿ!"

"ಹುಚ್ಚಿ, ಬಿಡು! ಹೊಲಸ ಮನ್ಯಾಗ ದೊಡ್ಡವರನ್ನ ಹೆಂಗ ಕರೀಲಿ?"

"ಹಂಗ ಇರ್ಲಿ ಅಜ್ಜೀ! ಅವ್ರು ಕೆಸರೇ ನೋಡಾಕ ಬಂದಾರ!"

ಸಾಹೇಬರು ಬಂದರು. ಗೋಡೆಯ ಕೆಸರು, ಕೊಳೆತ ಅಕ್ಕಿ, ಮುರಿದ ಕಪಾಟು ನೋಡಿ ಬಹಳ ಹೊತ್ತು ಬರೆದರು. ಅಜ್ಜಿ ರೇಣುವಿನ ಗಲ್ಲ ಸವರಿದಳು. "ಶ್ಯಾಣ್ಯಾಕಿ ಅದಿ ನೋಡು. ಎಲ್ಲಿ ಕಲತಿ ಇದನ್ನ?"

ರೇಣು ಅಜ್ಜಿಯ ಕೈ ಬಿಡಿಸಿಕೊಂಡು ಮನೆಗೆ ಬಂದಳು.

ಅವ್ವ ಬರಿ ನೆಲದ ಮೇಲೆ ಕೂತಿದ್ದಳು. ಬೈಯುತ್ತಾಳೆಂದು ರೇಣು ಕಾದಳು. ಅವ್ವ ಅವಳ ತೊಯ್ದ ಲಂಗದ ಅಂಚು ಹಿಂಡುತ್ತ, "ನಿಂದೇನ್ ತಪ್ಪವ್ವಾ? ನಾನss ಹೇಳಿ ಹೋಗಬೇಕಾಗಿತ್ತು" ಎಂದಳು.

ಆ ಮಾತಿಗೆ ರೇಣುವಿನ ಅಳು ಒತ್ತರಿಸಿ ಬಂತು. ಅವ್ವ ಎರಡೇಟು ಹಾಕಿದ್ದರೂ ಇಷ್ಟು ನೋಯುತ್ತಿರಲಿಲ್ಲ.