ಒದ್ದೆ ಹತ್ತಿಯ ಪಕ್ಕದ ಕಲ್ಲು

"ಅಮ್ಮಾ, ಬೈಯಲ್ಲ ಅಂತ ಮೊದ್ಲು ಹೇಳು!"

ಮ್ಯೂಸಿಯಂನ ಕಲ್ಲುಗಳನ್ನು ನೋಡಿಕೊಳ್ಳುವುದು ಅಮ್ಮನ ಕೆಲಸ. ಅವಳು ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಗಾಜಿನ ಡಬ್ಬಿಯಲ್ಲಿ ಹೋದ ವಾರ ಥಳಥಳ ಹೊಳೆಯುತ್ತಿದ್ದ ಹಳದಿ-ಹಸಿರು ಕಲ್ಲು ಈಗ ಹಳೇ ಗೋಡೆಯ ಸುಣ್ಣದಂತೆ ಹಕ್ಕಳೆ ಎದ್ದು ಉದುರಿತ್ತು.

"ಕಲ್ಲು ಮುಟ್ಟಿದ್ಯಾ?"

"ಇಲ್ಲಮ್ಮ. ಚಿಮಟದಲ್ಲಿ ಹತ್ತಿ ತೆಗ್ದೆ, ಅಷ್ಟೇ."

"ಕೈ ತೊಳ್ಕೊಂಡ್ಯಾ?"

"ಆಗ್ಲೇ. ಸೋಪು ಹಾಕಿ."

ಅಮ್ಮನಿಗೆ ಹೋದ ಜೀವ ಬಂದಂತಾಯಿತು.

ಬಾಯಿ ತೆರೆದರೆ ಮುಚ್ಚದ ಈ ಹುಡುಗಿಗೆ ಎಲ್ಲರೂ ಇಟ್ಟ ಹೆಸರು ಪಟಾಕಿ. ಇವತ್ತು ಪಟಾಕಿ ಠುಸ್ಸೆಂದಿತ್ತು. ನಾಳೆ ಅವಳ ಇಡೀ ಕ್ಲಾಸು ಇದೇ ಕಲ್ಲನ್ನು ನೋಡಲು ಬರುವುದಿತ್ತು.

"ಕಲ್ಲಿಗೆ ತೇವ ಶತ್ರು ಅಂತ ನೀನೇ ಹೇಳಿದ್ದೆ. ಪಕ್ಕದ ಕಪಾಟಲ್ಲಿ, ಶೂ ಡಬ್ಬೀಲಿ ಬರುತ್ತಲ್ಲ, ತೇವ ಹೀರೋ ಆ ಪುಟ್ಟ ಪ್ಯಾಕೆಟ್ ಇಡ್ತೀಯ. ಇಲ್ನೋಡಿದ್ರೆ ಒದ್ದೆ ಹತ್ತಿ! ಯಾರೋ ಮರ್ತಿದಾರೆ ಅಂತ ಹೋದ ವಾರಾನೇ ಹತ್ತಿ ತೆಗ್ದು ಪ್ಯಾಕೆಟ್ ಇಟ್ಟೆ."

"ಅಯ್ಯೋ ಪುಟ್ಟಾ, ಆ ಕಪಾಟಲ್ಲಿರೋವು ಕಬ್ಬಿಣ ಇರೋ ಕಲ್ಲು, ತೇವ ಆದ್ರೆ ಕೆಡುತ್ವೆ. ಇದು ಯುರೇನಿಯಂ, ಫಾಸ್ಫೇಟ್, ಜೊತೆಗೆ ನೀರು ಸೇರಿ ಆಗಿರೋದು. ಹುಟ್ಟಿದ್ದೇ ಗಣಿಯ ಒದ್ದೆ ಗೋಡೆಯ ಬಿರುಕಲ್ಲಿ. ಒಳಗಿನ ನೀರು ಹೋದ್ರೆ ಕಲ್ಲೂ ಹೋಯ್ತು."

"ಮತ್ತೆ ನೀರು ಹಾಕಿದ್ರೆ?"

"ಮೊದಲಿನ ಹಾಗಾಗಲ್ಲ."

"ಇನ್ನೊಂದು ತರ್ಸೋಣ?"

"ಇಷ್ಟು ಚೆನ್ನಾಗಿರೋದು ಸಿಗ್ತಿದ್ದಿದ್ದು ಅದೊಂದೇ ಗಣೀಲಿ. ಅದನ್ನ ಮುಚ್ಚಿ ಎಷ್ಟೋ ವರ್ಷ ಆಯ್ತು."

ಅಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಪಟಾಕಿಗೆ.

ಮರುದಿನ ಕ್ಲಾಸು ಬಂತು. ಮುಂದಿದ್ದ ಹುಡುಗನೊಬ್ಬ ಗಾಜಿಗೆ ಮೂಗು ಒತ್ತಿದ.

"ಆಂಟಿ, ಸೂಪರ್ ಕಲ್ಲು ಅಂದ್ರು ಟೀಚರ್. ಬರೀ ಪುಡಿ ಇದೆಯಲ್ಲ?"

"ಅದು... ತುಂಬ ಹಳೇ ಕಲ್ಲು, ಅದಕ್ಕೇ," ಎಂದಳು ಅಮ್ಮ.

ಕಲ್ಲುಗಳ ವಿಷಯದಲ್ಲಿ ಅಮ್ಮ ಸುಳ್ಳು ಹೇಳಿದ್ದನ್ನು ಪಟಾಕಿ ಎಂದೂ ಕೇಳಿರಲಿಲ್ಲ. ಅದು ತನಗಾಗಿ ಹೇಳಿದ ಸುಳ್ಳು. ಅವಳು ಗುಂಪಿನಿಂದ ಮುಂದೆ ಬಂದು ಅಮ್ಮನ ಪಕ್ಕ ನಿಂತಳು.

"ಹಳೇದಾಗಿದ್ದಕ್ಕಲ್ಲ," ಎಂದಳು ಪಟಾಕಿ. "ನಾನು ಒಣಗಿಸ್ಬಿಟ್ಟೆ. ಅದಕ್ಕೆ ತೇವ ಬೇಕಿತ್ತು. ನಂಗೆ ಗೊತ್ತಿರ್ಲಿಲ್ಲ."

ಹಿಂದೆ ಯಾರೋ ಕಿಸಕ್ಕೆಂದರು. ಟೀಚರ್ ತಿರುಗಿ ನೋಡಿದರು.

ಅಮ್ಮ ಪಟಾಕಿಯ ಕೈ ಹಿಡಿದುಕೊಂಡಳು. ಅಮ್ಮನ ಅಂಗೈ ಬೆವರಿ ಒದ್ದೆಯಾಗಿತ್ತು. ಬೇರೆ ದಿನವಾಗಿದ್ದರೆ ಪಟಾಕಿ "ಛೀ" ಎಂದು ಕೈಯನ್ನು ಫ್ರಾಕಿಗೆ ಒರೆಸಿಕೊಳ್ಳುತ್ತಿದ್ದಳು.

ಇವತ್ತು ಒರೆಸಿಕೊಳ್ಳಲಿಲ್ಲ.